ಹೊಟ್ಟೆಗೆ ಕಟ್ಟಿಕೊಂಡ ನೀರು

ಸಾತುರ್ನಿನಾ ಪಿಯಾಕಾಳ ನಡುಪಟ್ಟಿ ಸಡಿಲವಾದದ್ದನ್ನು ಪುಕ್ಯುಪಾತಾ ಊರಿನಲ್ಲಿ ಕಂಡವರಿಲ್ಲ. ಅವಳು ನೇಯ್ದ ಪಟ್ಟಿಯೂ ಹಾಗೆ, ಅವಳ ಮಾತೂ ಹಾಗೆ. ಒಮ್ಮೆ ಬಿಗಿದರೆ ಬಿಚ್ಚಲು ಇಬ್ಬರು ಬೇಕು. ಕೆಳಗಿನ ಕಣಿವೆಯಿಂದ ಮದುವೆಯಾಗಿ ಈ ಬೆಟ್ಟಕ್ಕೆ ಬಂದವಳು. ಗಂಡ ಗಣಿ ಕೆಲಸಕ್ಕೆ ಹೋಗಿ, ಎದೆ ತುಂಬ ಧೂಳು ಹೊತ್ತು ತಂದು, ಎರಡು ಮಳೆಗಾಲ ಕೆಮ್ಮಿ ತೀರಿಕೊಂಡ. ಅಂದಿನಿಂದ ಅವಳಿಗೆ ಮಗ್ಗವೇ ಗಂಡ. ಮಗ್ಗದ ಒಂದು ತುದಿ ಅಂಗಳದ ಕಂಬಕ್ಕೆ, ಇನ್ನೊಂದು ತುದಿ ಅವಳ ಸೊಂಟಕ್ಕೆ. ಮದುಮಗಳ ಸೊಂಟಕ್ಕೆ, ಹಸುಗೂಸನ್ನು ಸುತ್ತುವುದಕ್ಕೆ, ಬೆನ್ನು ಹಿಡಿದ ಮುದುಕರಿಗೆ, ಎಲ್ಲಕ್ಕೂ ಸುತ್ತಲಿನ ಊರುಗಳವರು ಅವಳ ಪಟ್ಟಿಯನ್ನೇ ಹುಡುಕಿಕೊಂಡು ಬರುತ್ತಿದ್ದರು.

ಮಗಳು ಲುಸ್ಮಿಲಾ, ಉವಾಂತಾ ಎಂಬ ಪೇಟೆಯಲ್ಲಿ ತರಕಾರಿ ಮಾರುತ್ತಿದ್ದಳು. ಅವಳ ಮಗು ಯೆನಿ ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿತ್ತು. ಬೆಳೆಯುತ್ತಿತ್ತು ಎನ್ನುವುದು ಬಾಯಿಮಾತಿಗೆ. ಒಂದು ವಾರ ನೆಟ್ಟಗಿದ್ದರೆ ಮುಂದಿನ ವಾರ ಭೇದಿ. ಕೈಕಾಲು ಹಂಚಿಕಡ್ಡಿ, ಕಣ್ಣು ಮಾತ್ರ ದೊಡ್ಡವು. ಸಾತುರ್ನಿನಾ ಬೆಟ್ಟದ ಪುದೀನ ಕುದಿಸಿ ಕುಡಿಸಿದಳು. ಮೊಟ್ಟೆ ನಿವಾಳಿಸಿದಳು. ಹೆದರಿಕೆಗೆ ಹೋದ ಜೀವವನ್ನು ಹೆಸರು ಹಿಡಿದು ಕೂಗಿ ಕರೆಸಿದಳು. ಮಗುವಿನ ಹೊಟ್ಟೆ ಯಾವುದಕ್ಕೂ ಬಗ್ಗಲಿಲ್ಲ.

ಕಡೆಗೆ ಆರೋಗ್ಯ ಕೇಂದ್ರದ ನರ್ಸ್ ನೆಲಿದಾ, ನೀರು ಕುದಿಸಿ ಕೊಡಿ ಎಂದಳು.

"ಒರತೆ ನೀರು ಕಣವ್ವಾ ನಮ್ದು. ಕನ್ನಡಿ ಇದ್ದಂಗದೆ. ಅದನ್ಯಾಕೆ ಬೇಯಿಸ್ಲಿ?"

"ಕನ್ನಡಿ ಮೇಲೂ ಕೈಯಿಟ್ರೆ ಕಲೆ ಆಗುತ್ತಲ್ಲ ಅವ್ವಾ. ನಮ್ಮ ಕಣ್ಣಿಗೆ ಕಾಣೋ ಕಲೆ ಅಲ್ಲ ಇದು."

ಸಾತುರ್ನಿನಾ ಒಪ್ಪಲಿಲ್ಲ. ಆದರೂ ಕುದಿಸಿದಳು. ಒಲೆಯ ಪಕ್ಕದ ಮಣ್ಣಿನ ಹರವಿಗೆ ತುಂಬಿಟ್ಟು ಮಗುವಿಗೆ ಅದನ್ನೇ ಕುಡಿಸಿದಳು. ಭೇದಿ ನಿಲ್ಲಲಿಲ್ಲ. "ನೋಡಿದ್ಯಾ?" ಎಂದು ನರ್ಸಿಗೆ ಹೇಳಿದಾಗ ಅವಳ ಧ್ವನಿಯಲ್ಲಿ ದುಃಖಕ್ಕಿಂತ ಗೆಲುವೇ ಹೆಚ್ಚಾಗಿತ್ತು ಎಂದು ಕೇಳಿದವರು ಹೇಳುತ್ತಾರೆ.

ಆ ವರ್ಷ ಊರ ಕೂಟಕ್ಕೆ ನೆಲಿದಾ ಪುಟ್ಟ ಗಾಜಿನ ಬಾಟಲಿಗಳನ್ನು ತಂದಳು. ಒಳಗೆ ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರು. ಊರಿನ ನೀರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದರೆ ಮಂಜುಗಡ್ಡೆ ಬೇಕು, ಬಸ್ಸು ಬೇಕು, ಬಸ್ಸು ಕೆಡದಿರಬೇಕು. ಇದಕ್ಕೆ ಅದೇನೂ ಬೇಡ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಒಂದೆರಡು ದಿನ ಬೆಚ್ಚಗಿಟ್ಟರೆ ಸಾಕು. ಮಲದಿಂದ ಬಂದ ಕಾಣದ ಹುಳ ನೀರಿನಲ್ಲಿದ್ದರೆ ಬಾಟಲಿ ಇದ್ದಿಲಿನಂತೆ ಕಪ್ಪಾಗುತ್ತದೆ. ಇಲ್ಲದಿದ್ದರೆ ಚಹಾದ ಬಣ್ಣದಲ್ಲೇ ಉಳಿಯುತ್ತದೆ.

"ಬೆಚ್ಚಗೆ ಅಂದ್ರೆ ಎಲ್ಲಿ?" ಎಂದು ಯಾರೋ ಕೇಳಿದರು. ಪುಕ್ಯುಪಾತಾದಲ್ಲಿ ರಾತ್ರಿ ಬಟ್ಟಲಿನ ನೀರು ಕಲ್ಲಾಗುತ್ತದೆ. ಒಲೆಯ ಮೇಲಿಟ್ಟರೆ ಹುಳ ಬೇಯುತ್ತದೆ, ಕೆಳಗಿಟ್ಟರೆ ಮರಗಟ್ಟುತ್ತದೆ.

"ಮೈಗೆ ಕಟ್ಕೊಂಡು ಓಡಾಡ್ಬೇಕು. ಹೊಟ್ಟೆ ಹತ್ರ. ಮಲಗುವಾಗಲೂ ತೆಗೀಬಾರ್ದು."

ಗಂಡಸರೆಲ್ಲ ನೆಲ ನೋಡಿದರು. ಒಬ್ಬನಿಗೆ ಉಳುಮೆ, ಒಬ್ಬನಿಗೆ ಕಲ್ಲು ಕೆಲಸ, ಇನ್ನೊಬ್ಬನಿಗೆ ಕಚಗುಳಿ. ಆಗ ಎಲ್ಲರ ಕಣ್ಣೂ ಸಾತುರ್ನಿನಾಳ ಸೊಂಟದ ಮೇಲೆ ಬಿದ್ದವು. ಅವಳು ಕಟ್ಟಿದರೆ ಬೀಳುವುದಿಲ್ಲ. ಅವಳು ಎದ್ದು ನಿಂತು ಕೈಚಾಚಿದಳು. ನರ್ಸಿನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

"ಒರತೆ ಬಾಯಿಗೇ ಬಾಟಲಿ ಹಿಡಿಯಿರಿ ಅವ್ವಾ. ಮಧ್ಯೆ ಬೇರೇನೂ ಬೇಡ," ಎಂದಳು ನೆಲಿದಾ.

"ಹೂಂ, ಹೂಂ. ನೀರು ತರೋದ ನಂಗೆ ಕಲಿಸ್ತೀಯಾ?"

ಮರುದಿನ ಬೆಳಿಗ್ಗೆ ಅವಳು ಒರತೆಗೆ ಹೋದದ್ದು ನೀರು ತರುವವಳ ಹಾಗಲ್ಲ, ಸಾಕ್ಷಿ ತರುವವಳ ಹಾಗೆ. ನಮ್ಮ ಕಡೆ ದಿನದ ಅಡುಗೆಗೆ ನೀರು ಹೊರುವಾಗ ಯಾರೂ ಏನೂ ಕೇಳುವುದಿಲ್ಲ. ಬಿತ್ತನೆ ಬೀಜ ನೆನೆಸುವ ನೀರು, ಹುಟ್ಟಿದ ಮಗುವಿನ ಮೊದಲ ನೀರು, ಆಣೆಯಿಡುವ ನೀರು, ಇಂಥವಕ್ಕೆ ಮೊದಲು ಕೊಡಬೇಕು, ಆಮೇಲೆ ತೆಗೆದುಕೊಳ್ಳಬೇಕು. ಕೊಡುವುದು ಚಿಚಾ, ಮೆಕ್ಕೆಜೋಳ ಮೊಳೆಸಿ ಹುಳಿಯಿಸಿದ ಮದ್ಯ. ಅದನ್ನು ಸೋರೆಬುರುಡೆಯಲ್ಲಿ ತಂದು, ಬೆರಳಲ್ಲಿ ಚಿಮುಕಿಸಿ, ಒರತೆಗೆ ಸ್ವಲ್ಪ ಸುರಿದು, ಉಳಿದದ್ದನ್ನು ತಾನು ಕುಡಿಯಬೇಕು. ಕೊಟ್ಟ ಪಾತ್ರೆಯಲ್ಲೇ ತೆಗೆದುಕೊಳ್ಳಬೇಕು. ಬೇರೆ ಪಾತ್ರೆ ಒಡ್ಡಿದರೆ ಕೊಟ್ಟವನು ಬೇರೆ, ತಗೊಂಡವನು ಬೇರೆ ಎಂದಾಗುತ್ತದೆ. ಸಾತುರ್ನಿನಾ ಅಡುಗೆಮನೆಯ ಗೂಟದಿಂದ ಬುರುಡೆ ತೆಗೆದುಕೊಂಡು ಹೋಗಿ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಬುರುಡೆಯಲ್ಲಿ ಒರತೆಯ ನೀರು ಮೊಗೆದು ಬಾಟಲಿಗೆ ಗೆರೆಯವರೆಗೆ ತುಂಬಿದಳು. ಮುಚ್ಚಿ, ಲಂಗದ ಮೇಲೆ ಪಟ್ಟಿಯ ಸುತ್ತುಗಳ ನಡುವೆ ಸಿಕ್ಕಿಸಿ ಬಿಗಿದಳು.

ಎರಡು ದಿನ ಊರಿಗೆ ಹಬ್ಬ.

"ಏನ್ ಸಾತೂ, ಎಷ್ಟು ತಿಂಗಳು?"

"ನಿನ್ನಪ್ಪ ಬಂದು ಕೇಳ್ಲಿ, ಹೇಳ್ತೀನಿ."

"ಕೋಳಿ ಕಾವಿಗೆ ಕೂತದೆ, ಮಾತಾಡಿಸಬೇಡ್ರೋ! ಕುಕ್ಕೀತು!"

ಎಲ್ಲರಿಗಿಂತ ಜೋರಾಗಿ ನಕ್ಕವನು ಸಿಪ್ರಿಯಾನೊ ಸುಲ್ಕಾ. ಲುಸ್ಮಿಲಾ ಕೂಸಾಗಿದ್ದಾಗ ಅವಳ ದೀಕ್ಷಾಸ್ನಾನದಂದು ಧರ್ಮಪಿತನಾಗಿ ಅವಳನ್ನು ಎತ್ತಿಕೊಂಡವನು ಅವನು. ಎತ್ತಿಕೊಂಡವನೂ ಹೆತ್ತವಳೂ ಆಮೇಲೆ ಜನ್ಮವಿಡೀ ಒಬ್ಬರನ್ನೊಬ್ಬರು ಕುಂಪಾ, ಕುಮಾ ಎಂದೇ ಕರೆಯಬೇಕು, ಜಗಳವಾಡುವಾಗಲೂ. ಇವರಿಬ್ಬರು ಆ ಹೆಸರುಗಳನ್ನು ಹೆಚ್ಚಾಗಿ ಬಳಸಿದ್ದೇ ಜಗಳದಲ್ಲಿ. ಒಂದು ವರ್ಷ ಅವನ ಕುರಿಗಳು ಇವಳ ಜೋಳ ಮೇಯ್ದಿದ್ದವು. ಇನ್ನೊಂದು ವರ್ಷ ಇವಳ ನಾಯಿ ಅವನ ಕುಂಟುಕಾಲನ್ನೇ ಆರಿಸಿ ಕಚ್ಚಿತ್ತು.

ಮೂರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಬಾಟಲಿ ಕಪ್ಪಗಿತ್ತು.

ಅವಳು ಅದನ್ನು ಅಂಗಳದ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ತಲೆಯೆತ್ತಿದಳು. ಒರತೆಯ ಮೇಲ್ಗಡೆಯ ಇಳಿಜಾರಿನಲ್ಲಿ ಕಲ್ಲುಗೋಡೆಯ ದೊಡ್ಡಿ, ಅದರಲ್ಲಿ ಸಿಪ್ರಿಯಾನೊನ ಕುರಿಗಳು, ಒಂದು ಹಸು. ಇಷ್ಟು ವರ್ಷ ಅದು ಅಲ್ಲೇ ಇತ್ತು. ಅಂದು ಮೊದಲ ಬಾರಿಗೆ ಅದು ಅವಳಿಗೆ ಕಂಡಿತು.

ಕೂಟದಲ್ಲಿ ಬಾಟಲಿಯನ್ನು ಎತ್ತಿಹಿಡಿದು, "ಇದು ಕುಂಪಾ ಸಿಪ್ರಿಯಾನೊನ ಗಂಜಳ. ನನ್ ಮೊಮ್ಮಗಳು ಕುಡೀತಿರೋದು ಇದು," ಎಂದಳು.

"ಮೇಲಿಂದ ಹರಿಯೋ ನೀರು ನಾನೂ ಕುಡೀತೀನಿ ಕುಮಾ. ನಂಗೇನಾಗದೆ?"

"ನಿನ್ನ ಹೊಟ್ಟೇಲಿ ಹುಳ ಬದುಕಲ್ಲ ಬಿಡು. ಅದಕ್ಕೂ ಮಾನ ಅದೆ."

ಜನ ನಕ್ಕರು, ಆದರೆ ಬಾಟಲಿ ಕಪ್ಪಗೇ ಇತ್ತು. ಎಲ್ಲರ ಮನೆಯಲ್ಲೂ ಮಕ್ಕಳಿದ್ದರು. ನೆಲಿದಾ ಮಾತ್ರ, ಒಂದೇ ಬಾಟಲಿ ನಂಬಿ ತೀರ್ಪು ಕೊಡಬೇಡಿ, ಇನ್ನೊಮ್ಮೆ ನೋಡೋಣ ಎಂದಳು. ಹಾಗೆಂದೇ ನಿಶ್ಚಯವಾಯಿತು. ಮುಂದಿನ ಕೂಟಕ್ಕೆ ಎರಡನೆಯ ಬಾಟಲಿಯೂ ಕಪ್ಪಾಗಿ ಬಂದರೆ ದೊಡ್ಡಿ ಅಲ್ಲಿಂದ ಏಳಬೇಕು. ಏಳಬೇಕು ಎಂದರೆ ಬೆಟ್ಟದ ಬೆನ್ನಿಗೆ, ಬಿಸಿಲು ಬೀಳದ ಕಡೆಗೆ. ಅಲ್ಲಿ ಹುಲ್ಲು ಕಡಿಮೆ, ನರಿ ಹೆಚ್ಚು. ಕುಂಟುಕಾಲಿನವನಿಗೆ ದಿನಕ್ಕೆರಡು ಸಲ ಏರಿಳಿಯುವ ದಾರಿಯೂ ಅಲ್ಲ.

ಸಿಪ್ರಿಯಾನೊ ಎರಡನೆಯ ಬಾಟಲಿಗೆ ಕಾಯಲಿಲ್ಲ. ಮಳೆ ಹತ್ತಿರವಿತ್ತು, ಮಳೆಗೆ ಮೊದಲು ಹೊಸ ಜಾಗದಲ್ಲಿ ಗೋಡೆ ಏಳದಿದ್ದರೆ ಕುರಿಗಳು ಉಳಿಯುವುದಿಲ್ಲ. ಊರು ಕೀಳಿಸಿತು ಎನ್ನಿಸಿಕೊಳ್ಳುವುದಕ್ಕಿಂತ ತಾನೇ ಕಿತ್ತೆ ಎನ್ನಿಸಿಕೊಳ್ಳುವುದು ಅವನಿಗೆ ಮೇಲಾಗಿ ಕಂಡಿರಲೂಬಹುದು. ಮೇಲ್ಬದಿಯ ಗೋಡೆಯನ್ನು ಒಂದೊಂದೇ ಕಲ್ಲು ಬಿಡಿಸಿ ಬೆಟ್ಟದ ಬೆನ್ನಿಗೆ ಹೊತ್ತ. ಆ ವಾರವೇ ಸಂದಿಯಲ್ಲಿ ನುಗ್ಗಿದ ನರಿ ಒಂದು ಮರಿಯನ್ನು ಎಳೆದೊಯ್ದಿತು. ಸಾತುರ್ನಿನಾಗೆ ಸುದ್ದಿ ಮುಟ್ಟಿದಾಗ ಅವಳು ಮಗ್ಗದಲ್ಲಿದ್ದಳು.

"ನರಿಗೂ ಮಕ್ಕಳವೆ," ಎಂದಳು, ಲಾಳಿ ನಿಲ್ಲಿಸದೆ.

ಎರಡನೆಯ ಸಲ ನೆಲಿದಾ ಒಂದು ಬಾಟಲಿ ಹೆಚ್ಚಿಗೆ ಕೊಟ್ಟಿದ್ದಳು, ಒಡೆದರೆ ಇರಲಿ ಎಂದು. ಒಡೆಯಲಿಲ್ಲ. ಒರತೆಯ ನೀರನ್ನು ಹಿಂದಿನಂತೆಯೇ ಕೊಟ್ಟು, ತೆಗೆದು, ತುಂಬಿಕೊಂಡು ಬಂದ ಮೇಲೆ ಉಳಿದ ಬಾಟಲಿಗೆ ಸಾತುರ್ನಿನಾ ತನ್ನ ಹರವಿಯ ಕುದಿಸಿದ ನೀರನ್ನು ಹಾಕಿದಳು. ಅವಳ ಲೆಕ್ಕ ನೇರವಾಗಿತ್ತು. ಕಪ್ಪು ಬಾಟಲಿಯ ಪಕ್ಕದಲ್ಲಿ ತಿಳಿ ಬಾಟಲಿ ಹಿಡಿದರೆ ಕುಂಪಾನ ಬಾಯಿ ತಾನಾಗಿ ಮುಚ್ಚುತ್ತದೆ. ಎರಡನ್ನೂ ಕಟ್ಟಿಕೊಂಡಳು. ಗುರುತಿಗೆ ಒರತೆಯದಕ್ಕೆ ಕೆಂಪು ನೂಲು, ಹರವಿಯದಕ್ಕೆ ಬಿಳಿ ನೂಲು.

ಕೂಟದ ಹಿಂದಿನ ದಿನ ಮಧ್ಯಾಹ್ನ ಪಟ್ಟಿ ಬಿಚ್ಚಿದಳು. ಕೆಂಪು ನೂಲಿನದು ಕಪ್ಪು. ಬಿಳಿ ನೂಲಿನದು ಅದಕ್ಕಿಂತ ಕಪ್ಪು.

ನೂಲು ಅದಲುಬದಲಾಯಿತೇ ಎಂದು ನೋಡಿದಳು. ಎರಡೂ ಕಪ್ಪಾದ ಮೇಲೆ ಅದಲುಬದಲಿನ ಮಾತೇ ಇಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸಿಪ್ರಿಯಾನೊನ ಹಸು ಇವಳ ಅಡುಗೆಮನೆಗೆ ಬಂದು ಹರವಿಗೆ ಬಾಲ ಎತ್ತಿರಲಿಲ್ಲ. ನೀರನ್ನು ಕುದಿಸಿದವಳು ತಾನು, ತುಂಬಿದವಳು ತಾನು.

ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಮುಂದೆ ಕುಳಿತಳು. ಒಲೆಯ ಸುತ್ತ ಕೂಯಿಗಳು ಗುಸುಗುಸು ಓಡಾಡುತ್ತಿದ್ದವು. ಮೊಲದ ಮರಿಯಷ್ಟಿರುವ ಆ ಪ್ರಾಣಿಗಳು ನಮ್ಮಲ್ಲಿ ಎಲ್ಲರ ಅಡುಗೆಮನೆಯಲ್ಲೂ ಬೆಳೆಯುತ್ತವೆ, ಹಬ್ಬದ ದಿನ ಬೇಯುತ್ತವೆ. ಯೆನಿ ಬಂದಿತು. ಗೂಟದಿಂದ ಬುರುಡೆ ತೆಗೆದು, ಕೈಯನ್ನು ಮೊಣಕೈವರೆಗೆ ಹರವಿಗೆ ಇಳಿಸಿ ಮೊಗೆದು ಕುಡಿಯಿತು. ಬುರುಡೆಯನ್ನು ನೆಲಕ್ಕೆ ಬಿಟ್ಟು ಒಂದು ಕೂಯಿ ಮರಿಯನ್ನು ಎತ್ತಿಕೊಂಡಿತು. ಇನ್ನೆರಡು ಕೂಯಿಗಳು ಬುರುಡೆಯೊಳಗೆ ತಲೆ ತೂರಿಸಿದವು, ಒಂದು ಅದರಲ್ಲೇ ಹಿಕ್ಕೆ ಹಾಕಿತು. ಮಗು ಬುರುಡೆ ಕೊಡವಿ ಗೂಟಕ್ಕೆ ನೇತುಹಾಕಿ ಅಂಗಳಕ್ಕೆ ಹೋಯಿತು.

ಸಾತುರ್ನಿನಾ ಇದನ್ನು ದಿನಾ ನೋಡುತ್ತಿದ್ದಳು. ತಾನೂ ಮಾಡುತ್ತಿದ್ದಳು. ಇದೇ ಬುರುಡೆಯಲ್ಲಿ ಒರತೆಗೆ ಚಿಚಾ ಒಯ್ದಿದ್ದಳು, ಇದರಲ್ಲೇ ನೀರು ಮೊಗೆದಿದ್ದಳು.

ನರ್ಸ್ ಹೇಳಿದ್ದು, ಮಧ್ಯೆ ಬೇರೇನೂ ಬೇಡ ಎಂದು.

ಬಿಳಿ ನೂಲಿನ ಬಾಟಲಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಹಿತ್ತಲ ಹಳ್ಳಕ್ಕೆ ಚೆಲ್ಲಿದರೆ ಆಯಿತು. ಕೆಂಪು ನೂಲಿನದನ್ನು ಎತ್ತಿಹಿಡಿದರೆ ದೊಡ್ಡಿ ಏಳುತ್ತದೆ, ಅರ್ಧ ಎದ್ದೇ ಇದೆ. ಅವಳ ಮಾತು ನಿಲ್ಲುತ್ತದೆ. ಅವಳು ಎರಡು ಸಲ ಹಿತ್ತಲ ಬಾಗಿಲವರೆಗೆ ಹೋಗಿ ಬಂದಳೆಂದು ಪಕ್ಕದ ಮನೆಯವಳು ಆಮೇಲೆ ಹೇಳಿದಳು, ಭೇದಿ ಅಜ್ಜಿಗೂ ಹತ್ತಿತೇನೋ ಅಂದುಕೊಂಡಿದ್ದಳಂತೆ.

ಮರುದಿನ ಕೂಟದಲ್ಲಿ ಸಾತುರ್ನಿನಾ ಎರಡು ಬಾಟಲಿಗಳನ್ನೂ ಮುಂದಿಟ್ಟಳು.

"ಈ ಕೆಂಪು ನೂಲಿಂದು ಒರತೆದು. ಕಪ್ಪು."

"ಗೊತ್ತಿತ್ತು ಬಿಡು. ಕಲ್ಲು ಹೊರ್ತಾನೇ ಇವ್ನಿ," ಎಂದ ಸಿಪ್ರಿಯಾನೊ.

"ಸುಮ್ನಿರು ಕುಂಪಾ, ಇನ್ನೂ ಮುಗಿದಿಲ್ಲ. ಈ ಬಿಳಿ ನೂಲಿಂದು ನನ್ ಮನೆ ಹರವೀದು. ಕುದಿಸಿದ್ದು. ಇದು ಅದಕ್ಕಿಂತ ಕಪ್ಪು."

ಜನ ಬಾಟಲಿಗಳತ್ತ ಬಗ್ಗಿದರು. ಅವಳೇ ಮುಂದುವರಿಸಿದಳು. "ಕೆಟ್ಟಿರೋದು ಒರತೆಯೋ ಅಲ್ವೋ, ನಂಗೊತ್ತಿಲ್ಲ. ಕೆಟ್ಟಿರೋದು ನನ್ ಬುರುಡೆ. ಕೂಯಿ ಹಿಕ್ಕೆ ಹಾಕಿದ ಬುರುಡೇಲೆ ಚಿಚಾ ಒಯ್ದೆ, ಅದರಲ್ಲೇ ನೀರು ಮೊಗೆದೆ. ಮಗೂಗೂ ಅದರಲ್ಲೇ ಕುಡಿಸ್ದೆ."

ಮೂಲೆಯಿಂದ ಒಬ್ಬಳು ಕಿಸಕ್ಕೆಂದಳು. "ಅಯ್ಯೋ, ಊರಿಗೆಲ್ಲ ಬುದ್ಧಿ ಹೇಳೋಳ ಮನೇಲಿ ಹಿಕ್ಕೆ ಸಾರಾ!"

"ನಗು ತಾಯಿ. ನಿನ್ ಮನೆ ಗೂಟದಲ್ಲಿ ನೇತಾಡೋದೇನು, ಚಿನ್ನದ ಲೋಟಾನಾ?"

ನಗು ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೆಲಿದಾ ಆಗ ಮೆಲ್ಲಗೆ, "ಹಾಗಾದರೆ ಒರತೆ ಬಾಯಿಂದಲೇ ಬಾಟಲಿಗೆ ಹಿಡಿಯೋಣ. ಬುರುಡೆ ಇಲ್ಲದೆ," ಎಂದಳು.

"ಆಗಲ್ಲ," ಎಂದ ಮುದುಕ ಮೆಲಿತೋನ್. ಒರತೆಯ ಪೂಜೆ ಅವನ ಮನೆತನದ್ದು. "ಕೊಡದೆ ತಗೊಂಡಿದ್ದು ಕದ್ದ ನೀರು. ಕದ್ದ ಮಾಲು ಸಾಕ್ಷಿ ಹೇಳ್ತದಾ? ಹೇಳಿದ್ರೂ ಯಾರ್ ನಂಬ್ತಾರೆ?"

ಇದು ಸಣ್ಣ ಮಾತಲ್ಲ. ಹಲವರು ತಲೆಯಾಡಿಸಿದರು. ನೆಲಿದಾಳೂ ಬೆಟ್ಟದ ಊರಿನವಳೇ, ತನ್ನ ಅಜ್ಜನೂ ಇದನ್ನೇ ಹೇಳುತ್ತಿದ್ದನೆಂದು ಅವಳಿಗೆ ಗೊತ್ತಿತ್ತು.

"ಮೊಲೆ ಕುಡಿಯೋ ಮಗು ತಾಯಿಗೆ ಮೊದಲು ಏನ್ ಕೊಡ್ತದೆ, ತಾತಾ?" ಎಂದಳು ಸಾತುರ್ನಿನಾ.

ಮೆಲಿತೋನ್ ತಾನು ಅಗಿಯುತ್ತಿದ್ದ ಕೋಕಾ ಎಲೆಯನ್ನು ದವಡೆಯ ಈ ಕಡೆಯಿಂದ ಆ ಕಡೆಗೆ ಸರಿಸಿದ. "ಕಚ್ಚುತದೆ," ಎಂದ.

ಕೂಟ ಬಿದ್ದುಬಿದ್ದು ನಕ್ಕಿತು. ಅವಳು ನಗಲಿಲ್ಲ. "ಕಚ್ಚಿದ್ರೂ ತಾಯಿ ಕೊಡ್ತಾಳೆ. ದೊಡ್ಡೋನಾದ ಮೇಲೆ ಮಗ ತಂದ್ಕೊಡ್ತಾನೆ. ಅದನ್ನ ಯಾರೂ ಕಳ್ಳತನ ಅನ್ನಲ್ಲ. ಮೊದಲು ಬಾಟಲಿ ಹಿಡಿಯಾನ. ಆಮೇಲೆ ನೀನೇ ಚಿಚಾ ಸುರಿ, ನಿನ್ ಕೈಯಾರೆ."

ಮುದುಕ ಯೋಚಿಸಿದ. "ಎರಡರಷ್ಟು ಸುರೀಬೇಕಾಗ್ತದೆ."

"ಸುರಿ. ಹಂಗೇ ಉಳಿದಿದ್ದ ನೀನೇ ಕುಡೀಬೇಕಾಗ್ತದಲ್ಲ, ಎಂಥಾ ಕಷ್ಟ!" ಎಂದ ಸಿಪ್ರಿಯಾನೊ. ಅಲ್ಲಿಗೆ ಆ ಮಾತು ಇತ್ಯರ್ಥವಾಯಿತು.

ಉಳಿದದ್ದು, ಬಾಟಲಿ ಯಾರು ಕಟ್ಟಿಕೊಳ್ಳುವುದು ಎಂಬುದು. ತನ್ನ ಹೊಟ್ಟೆಯನ್ನು ಇನ್ನು ಯಾರು ನಂಬುತ್ತಾರೆ ಎಂದು ಸಾತುರ್ನಿನಾ ಹಿಂದೆ ಸರಿದಿದ್ದಳು. ಸಿಪ್ರಿಯಾನೊ ಕೋಲೂರಿ ಎದ್ದ.

"ಅವಳೇ ಕಟ್ಕೊಳ್ಳಲಿ. ಅವಳ ಹೊಟ್ಟೆ ಸುಳ್ಳು ಹೇಳಲ್ಲ. ಹೇಳೋದೆಲ್ಲ ಬಾಯಿ."

ಎಲ್ಲರೂ ಒರತೆಗೆ ಹೋದರು. ನೆಲಿದಾ ಕೈ ಸೋಪು ಹಚ್ಚಿ ತೊಳೆದು, ಕಲ್ಲಿನ ಬಾಯಿಂದ ಬೀಳುವ ಧಾರೆಗೆ ಬಾಟಲಿ ಹಿಡಿದಳು. ಮೆಲಿತೋನ್ ಆಮೇಲೆ ಚಿಚಾ ಸುರಿದ, ಏನೇನೋ ಹೇಳಿಕೊಂಡ, ಉಳಿದದ್ದನ್ನು ಕುಡಿದ. ಸಾತುರ್ನಿನಾ ಬಾಟಲಿಯನ್ನು ಎಲ್ಲರೆದುರೇ ಪಟ್ಟಿಯೊಳಗೆ ಬಿಗಿದಳು. ಈ ಸಲ ದಾರಿಯಲ್ಲಿ ಯಾರೂ ತಿಂಗಳು ಕೇಳಲಿಲ್ಲ. ಅವಳು ಮಗ್ಗಕ್ಕೆ ಕೂರಲಿಲ್ಲ, ಮಗ್ಗದ ಎಳೆತಕ್ಕೆ ಬಾಟಲಿ ಜಾರೀತೆಂದು. ರಾತ್ರಿ ಅಂಗಾತ ಮಲಗಿದಳು.

ದಿನ ತುಂಬಿದ ಮೇಲೆ ಬಿಚ್ಚಿದರೆ ನೀರು ಚಹಾದ ಬಣ್ಣದಲ್ಲಿತ್ತು. ನೆಲಿದಾ ಇನ್ನೂ ಒಂದು ಹಗಲು ಕಾಯಿಸಿದಳು. ಬಣ್ಣ ಬದಲಾಗಲಿಲ್ಲ. ಮಳೆಗಾಲದಲ್ಲಿ ಮತ್ತೊಮ್ಮೆ ನೋಡಬೇಕು, ಆಗ ಮೇಲಿನ ನೀರು ಇಳಿದು ಬರುತ್ತದೆ ಎಂದು ಅವಳು ಎಚ್ಚರಿಸಿದಳು. ಅಲ್ಲಿಯವರೆಗೆ ದೊಡ್ಡಿ ಇದ್ದಲ್ಲೇ ಇರಲಿ ಎಂದು ಕೂಟ ಹೇಳಿತು.

ಸಾತುರ್ನಿನಾ ಕೂಯಿಗಳಿಗೆ ಹೊರಗೆ ಗೂಡು ಕಟ್ಟಿದಳು. ಮೊದಲ ಹಿಮಕ್ಕೆ ಕೆಲವು ಸತ್ತವು, ಉಳಿದವುಗಳಿಗೆ ಒಣಹುಲ್ಲು ಹೊದಿಸುವುದನ್ನು ಕಲಿತಳು. ಹರವಿಗೆ ಬದಲು ಕಿರಿಬಾಯಿಯ ಕೊಡ ತಂದಳು, ಅದರೊಳಗೆ ಯಾರ ಕೈಯೂ ಇಳಿಯದು, ಬಗ್ಗಿಸಿಯೇ ಸುರಿಯಬೇಕು. ಯೆನಿಯ ಭೇದಿ ಒಮ್ಮೆಲೇ ನಿಲ್ಲಲಿಲ್ಲ. ಬರುವುದು ಅಪರೂಪವಾಯಿತು, ಕೆನ್ನೆಗೆ ಸ್ವಲ್ಪ ಮಾಂಸ ಬಂತು. ಊರಿನ ಉಳಿದ ಅಡುಗೆಮನೆಗಳಲ್ಲಿ ಕೆಲವರು ಬದಲಾದರು, ಹಲವರು ಬದಲಾಗಲಿಲ್ಲ.

ನಮ್ಮಲ್ಲಿ ಸುಳ್ಳು ದೂರು ಕೊಟ್ಟವರು ಕೋಕಾ ಎಲೆ, ಮದ್ಯ ಹಿಡಿದು ದೂರಿಗೊಳಗಾದವರ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಸಾತುರ್ನಿನಾ ಹೋಗಲಿಲ್ಲ. ಬಾಟಲಿ ಬಿಚ್ಚಿದ ಮರುದಿನ ಮುಂಜಾನೆ ಅವಳು ಬೆಟ್ಟದ ಬೆನ್ನಿಗೆ ಹೋಗಿ, ಅಲ್ಲಿ ಸಿಪ್ರಿಯಾನೊ ರಾಶಿ ಹಾಕಿದ್ದ ಕಲ್ಲುಗಳಲ್ಲಿ ಒಂದನ್ನು ಕಂಬಳಿಯಲ್ಲಿ ಕಟ್ಟಿ ಬೆನ್ನಿಗೇರಿಸಿಕೊಂಡು ಹಳೆಯ ದೊಡ್ಡಿಗೆ ಬಂದಳು. ಅವನು ಅಲ್ಲೇ ಕೂತಿದ್ದ. ನೋಡಿದ, ಮಾತಾಡಲಿಲ್ಲ. ಅವಳು ಕಲ್ಲು ಇಳಿಸಿ ಮತ್ತೆ ಹೋದಳು. ಹಾಗೆ ಹಲವು ದಿನ ಅವಳು ಹೊರುತ್ತಿದ್ದಳು, ಅವನು ಗೋಡೆ ಕಟ್ಟುತ್ತಿದ್ದ. ಮೋಡ ದಿನದಿನಕ್ಕೂ ಕೆಳಗಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಅವನ ಕಾಲು ನೋಯುತ್ತಿತ್ತೋ ಏನೋ, ಕೂತಲ್ಲಿಂದ ಏಳಲಿಲ್ಲ. ಅವಳೇ ಒಂದು ಕಲ್ಲನ್ನು ಎತ್ತಿ ಗೋಡೆಯ ಮೇಲಿಟ್ಟಳು. ಅದು ಅಲುಗಾಡಿತು.

"ಅಲ್ಲ ಕುಮಾ," ಎಂದ ಸಿಪ್ರಿಯಾನೊ. "ಮಗ್ಗುಲು ತಿರುಗಿಸು. ಚಪ್ಪಟೆ ಮುಖ ಕೆಳಗೆ ಬರಬೇಕು."

ಅವಳು ತಿರುಗಿಸಿದಳು. ಕಲ್ಲು ಕೂತಿತು.